ಸಂಜೆ ಹೊರಟ ವಿಮಾನದ ನೆರಳು

ನಮ್ಮೂರಿನ ವಿಮಾನದ ಬಯಲಿನ ಚರಿತ್ರೆ ಬರೆಯುತ್ತೇನೆಂದು ಹಡಗಿನಿಂದ ಇಳಿದ ನಿರಂಜನಮೂರ್ತಿಗಳು ನನ್ನಲ್ಲಿ ಮೊದಲು ಕೇಳಿದ್ದು ರನ್‌ವೇ ಎಷ್ಟು ಉದ್ದವಿದೆ ಎಂದು. ಒಂಬೈನೂರು ಹೆಜ್ಜೆ ಎಂದೆ. ಯಾರ ಹೆಜ್ಜೆ ಎಂದರು. ನನ್ನದೇ, ಇನ್ಯಾರದ್ದು ಎಂದೆ. ಅವರಿಗೆ ಅದು ಸಾಲಲಿಲ್ಲ. ಚೀಲದಿಂದ ಟೇಪು ತೆಗೆದು, ಹನ್ನೆರಡು ಗಂಟೆಯ ಬಿಸಿಲಲ್ಲಿ ತಾವೇ ಅಳೆಯಲು ಹೋಗಿ, ಅರ್ಧ ದಾರಿಯಲ್ಲಿ ತಲೆ ಸುತ್ತಿ ಕುಕ್ಕರಿಸಿದರು. ಎಬ್ಬಿಸಿ ತಂದು ಗಂಜಿ ಕುಡಿಸಿದವಳು ನಾನು. ಅವರ ಪುಸ್ತಕದಲ್ಲಿ ಒಂದು ಪುಟ ನನ್ನಿಂದಾಗಿ ಬದಲಾಗಿದೆ. ಅದು ಹೇಗೆ ಬದಲಾಯಿತು ಎಂಬುದನ್ನು ಅವರು ನಾಲ್ಕು ಸಾಲಿನಲ್ಲಿ ಬರೆದುಕೊಂಡರು. ನಾಲ್ಕು ಸಾಲಿನಲ್ಲಿ ಹಿಡಿಯುವ ಸಂಗತಿಯಾಗಿದ್ದರೆ ನಾನು ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿರಲಿಲ್ಲ.

ನಮ್ಮದು ದ್ವೀಪ. ದೊಡ್ಡ ನೆಲದಿಂದ ಹಡಗಿನಲ್ಲಿ ಎರಡು ದಿನದ ದಾರಿ. ನಮ್ಮ ಅಜ್ಜಂದಿರು ಅಲ್ಲಿಯ ಕರಾವಳಿಯಿಂದ ಬಂದು ಇಲ್ಲಿ ತೆಂಗು ನೆಟ್ಟವರು. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ದಂಡಿನವರು ಬಂದರು. ಶತ್ರುಗಳ ಹಡಗು ಈ ಕಡೆ ಹಾದುಹೋದರೆ ಮೇಲಿನಿಂದ ನೋಡಬೇಕಂತೆ. ವಿಮಾನ ಇಳಿಯಲು ಅಡ್ಡ ಎಂದು ದ್ವೀಪದ ತೆಂಗಿನಮರಗಳನ್ನೆಲ್ಲ ಒಂದೇ ತಿಂಗಳಲ್ಲಿ ಉರುಳಿಸಿದರು. ಹವಳದ ಬಂಡೆ ಒಡೆಸಿ, ಪುಡಿ ಮಾಡಿಸಿ, ಉಪ್ಪುನೀರು ಹಾಕಿ ಗುದ್ದಿಸಿ ಬೆಳ್ಳಗಿನ ರನ್‌ವೇ ಮಾಡಿದರು. ಒಂದು ಮರದ ಗೋಪುರ, ಎರಡು ತಗಡಿನ ಶೆಡ್ಡು, ಎಣ್ಣೆಯ ಪೀಪಾಯಿಗಳು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸಲು ಕಂಬದ ತುದಿಗೆ ಬಟ್ಟೆಯ ಗಾಳಿಚೀಲ, ಮತ್ತೆ ಒಂದು ಕ್ಯಾಂಟೀನು. ಮದುವೆಯಾದ ಮೇಲೆ ಆ ಕ್ಯಾಂಟೀನಿನ ಅಡುಗೆ ನನ್ನ ಕೈಗೆ ಬಂತು. ಅಷ್ಟೂ ವರ್ಷದಲ್ಲಿ ಒಬ್ಬ ಶತ್ರುವೂ ಬರಲಿಲ್ಲ. ಇಂಥ ಒಂದು ದ್ವೀಪ ಇದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಮರ ಹೋದ ಮೇಲೆ ಊರಿನಲ್ಲಿ ನೆರಳು ಎನ್ನುವುದೇ ಇಲ್ಲವಾಯಿತು. ಮೇಲೆ ಬಿಸಿಲು, ಕೆಳಗೆ ಬಿಳಿ ಹವಳ. ಮನೆಯೊಳಗೆ ಕೂತರೆ ತಗಡು ಕಾದು ಬೆವರಿಳಿಯುತ್ತಿತ್ತು. ಹೀಗಿರುವಾಗ ಮೊದಲನೆಯ ವಿಮಾನ ಒಂದು ಬೆಳಿಗ್ಗೆ ಹೊರಟುಹೋಯಿತು, ಅದರ ನೆರಳು ಮಾತ್ರ ನೆಲದ ಮೇಲೆಯೇ ಉಳಿಯಿತು. ಒಳಗೆ ಕಾಲಿಟ್ಟರೆ ನೆತ್ತಿಯವರೆಗೂ ತಂಪು. ಹನ್ನೊಂದು ದಿನ ಬಿಟ್ಟು ಅದೇ ವಿಮಾನ ಬಂದು ಇಳಿದಾಗ ಹಳೆಯ ನೆರಳು ಹೋಯಿತು. ಮತ್ತೆ ಹೊರಟಾಗ ಹೊಸದು ಉಳಿಯಿತು. ದಂಡಿನ ಸಾಹೇಬರು ಮೇಲಿನವರಿಗೆ ಬರೆದರು. ಅಲ್ಲಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ ಎಂದು ಉತ್ತರ ಬಂತು. ಅಷ್ಟರಲ್ಲಿ ನಮ್ಮ ಹೆಂಗಸರು ರೆಕ್ಕೆಯ ನೆರಳಿನಲ್ಲಿ ಚಾಪೆ ಹಾಸಿ ಮಕ್ಕಳಿಗೆ ಹೇನು ತೆಗೆಯಲು ಕೂತಾಗಿತ್ತು.

ನೆರಳು ಎಂದ ಮೇಲೆ ಜಗಳವೂ ಬಂತು, ಜಗಳ ಬಂದ ಮೇಲೆ ಸರದಿಯೂ ಬಂತು. ಇಂದು ಹೊರಡುವ ವಿಮಾನದ ನೆರಳು ಈ ಮನೆಗೆ, ಮುಂದಿನದು ಆ ಮನೆಗೆ. ವಿಮಾನ ಮರಳಿ ಬರುವವರೆಗೆ ಅದು ಅವರದ್ದು. ಬಂದ ಕೂಡಲೇ ತೊಟ್ಟಿಲು, ಒನಕೆ, ಮುದುಕಿ ಎಲ್ಲವನ್ನೂ ಎತ್ತಿಕೊಂಡು ಏಳಬೇಕು. ಹೋದ ವಿಮಾನ ತಿಂಗಳುಗಟ್ಟಲೆ ಬಾರದಿದ್ದರೆ ಆ ಮನೆಯವರ ಅದೃಷ್ಟ. ಇನ್ನೊಂದು ಸಂಗತಿಯನ್ನೂ ನಾವು ಬೇಗ ಕಲಿತೆವು. ನಡು ಮಧ್ಯಾಹ್ನ ಹೊರಟ ವಿಮಾನ ಬಿಟ್ಟುಹೋಗುವ ನೆರಳು ನಾಲ್ಕು ಕೋಳಿಗೂ ಸಾಲದು. ಇಳಿಹೊತ್ತಿನಲ್ಲಿ ಹೊರಟದ್ದರ ನೆರಳು ಒಂದು ಕೇರಿಗೆ ಸಾಕಾಗುತ್ತದೆ.

ಅಲ್ಲಿಂದ ಶುರುವಾಯಿತು ‘ತಡೆ’. ಯಾರ ಸರದಿಯೋ ಆ ಮನೆಯವರಿಗಾಗಿ ಇಡೀ ಊರು ಸೇರಿ ವಿಮಾನವನ್ನು ತಡ ಮಾಡಿಸುವುದು. ಕ್ಷೌರದವನು ಪೈಲಟ್ಟಿನ ಗಡ್ಡವನ್ನು ಎರಡೆರಡು ಸಲ ಬೋಳಿಸುತ್ತಿದ್ದ. ಶಾಲೆಯ ಮಕ್ಕಳು ಬೀಳ್ಕೊಡುಗೆಯ ಪದ್ಯವನ್ನು ಹನ್ನೆರಡು ನುಡಿ ಹಾಡುತ್ತಿದ್ದರು. ಆಡುಗಳು ತಾವಾಗಿಯೇ ಎಂಬಂತೆ ರನ್‌ವೇಗೆ ನುಗ್ಗುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ತಡೆ ನನ್ನ ಕ್ಯಾಂಟೀನಿನ ಊಟ. ನಾನು ಬಡಿಸಲು ನಿಂತರೆ ಎದ್ದು ಹೋದ ಪೈಲಟ್ ಇಲ್ಲ. ಅವರಿಗೂ ನಮ್ಮ ಆಟ ಗೊತ್ತಿತ್ತು, ನಗುತ್ತ ತಡವಾಗುತ್ತಿದ್ದರು. ಆದರೆ ಅದಕ್ಕೊಂದು ಎಲ್ಲೆ ಇತ್ತು. ಆಚೆ ದಡದ ಬಯಲಿನಲ್ಲಿ ದೀಪವಿಲ್ಲ, ಹಾರಾಟ ಎರಡು ಗಂಟೆಯದ್ದು. ಹಾಗಾಗಿ ನಾಲ್ಕು ಗಂಟೆಗೆ ಸರಿಯಾಗಿ ಮೋನಪ್ಪಣ್ಣ ಗಾಳಿಚೀಲ ಇಳಿಸುತ್ತಿದ್ದ. ಅವನ ಕೆಲಸವೇ ಅದು. ಅದು ಇಳಿದ ಮೇಲೆ ಯಾರೂ ತಡೆಯಕೂಡದು. ತಡೆದರೆ ಆ ನೆರಳು ಅವರದ್ದಲ್ಲ, ಊರಿನದ್ದು. ಅಷ್ಟೂ ವರ್ಷದಲ್ಲಿ ಯಾರೂ ಆ ಎಲ್ಲೆ ದಾಟಿರಲಿಲ್ಲ.

ನನ್ನ ಗಂಡ ಐತಪ್ಪ ಹವಳ ಒಡೆಯುವವರು. ಪ್ರತಿ ಮಳೆಗೂ ರನ್‌ವೇ ಕೊಚ್ಚಿಹೋಗುತ್ತಿತ್ತು, ಪ್ರತಿ ಸಲವೂ ಒಡೆದು ತುಂಬಬೇಕು. ಬಿಳಿ ಕಲ್ಲಿನ ಮೇಲೆ ಬಿಸಿಲು ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಹತ್ತು ವರ್ಷ ಒಡೆದವರ ಕಣ್ಣಲ್ಲಿ ನೀರು ನಿಲ್ಲುವುದಿಲ್ಲ, ಹದಿನೈದು ವರ್ಷಕ್ಕೆ ಮಂಜು ಕವಿಯುತ್ತದೆ. ನಮ್ಮವರು ನನ್ನ ಮುಖಕ್ಕೆ ಬದಲು ಬಾಗಿಲ ಚೌಕಟ್ಟನ್ನು ನೋಡಿ ಮಾತಾಡಲು ಶುರುಮಾಡಿದಾಗ ದಂಡಿನ ಡಾಕ್ಟರು ಒಂದು ಕಾಗದ ಬರೆದುಕೊಟ್ಟರು. ದೊಡ್ಡ ನೆಲದ ಆಸ್ಪತ್ರೆಗೆ ಕಣ್ಣಿನ ತಜ್ಞರು ಆರು ತಿಂಗಳಿಗೊಮ್ಮೆ ಬರುತ್ತಾರೆ, ಇಂಥ ದಿನ ಬೆಳಿಗ್ಗೆ ಈ ಕಾಗದ ತೋರಿಸಿದರೆ ಕಣ್ಣು ಕುಯ್ಯುತ್ತಾರೆ ಎಂದರು. ಅದರ ಹಿಂದಿನ ದಿನ ಕ್ಯಾಪ್ಟನ್ ಮೇದಪ್ಪನವರ ವಿಮಾನ ಹೋಗುವುದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹೊರಡುವುದೆಂದು ನಿಕ್ಕಿಯಾಯಿತು. ಆ ನೆರಳಿನ ಸರದಿ ನಮ್ಮ ಮನೆಯದ್ದು.

ಏಳು ವರ್ಷಕ್ಕೆ ಬಂದ ಸರದಿ. ಹಿಂದಿನ ಸಲ ನಮಗೆ ಸಿಕ್ಕಿದ್ದು ಮಧ್ಯಾಹ್ನದ ನೆರಳು, ಅದೂ ಮೂರೇ ದಿನ. ಇವರು ಕಣ್ಣು ಕುಯ್ಯಿಸಿಕೊಂಡು ಬಂದ ಮೇಲೆ ಮತ್ತೆ ಅದೇ ಬಿಸಿಲಲ್ಲಿ ಕಲ್ಲು ಒಡೆದರೆ ಕುಯ್ಯಿಸಿ ಏನು ಬಂತು? ಉದ್ದನೆಯ ನೆರಳೊಂದಿದ್ದರೆ ಅದರೊಳಗೆ ಕೂತು ಒಡೆಯಬಹುದು. ಮೇದಪ್ಪನವರ ವಿಮಾನ ಒಮ್ಮೆ ಹೋದರೆ ನಾಲ್ಕೈದು ತಿಂಗಳು ಬರುತ್ತಿರಲಿಲ್ಲ, ಇವರು ಅದಕ್ಕೆ ಮೊದಲೇ ಬೇರೆ ವಿಮಾನದಲ್ಲಿ ಮರಳಬಹುದು. ಇಷ್ಟೆಲ್ಲ ಲೆಕ್ಕ ಹಾಕಿ ನಾನು ಆ ದಿನ ಪಾಯಸಕ್ಕೆ ಬೆಲ್ಲ ಕುಟ್ಟಿದೆ.

“ಬೇಡ ಮಾರಾಯ್ತಿ. ಮಧ್ಯಾಹ್ನದ್ದೇ ಸಾಕು. ನನ್ನ ತಲೆ ಒಂದು ಒಳಗೆ ಹಿಡಿದ್ರೆ ಆಯ್ತಲ್ಲ” ಎಂದರು ನಮ್ಮವರು.

“ನೀವು ಸುಮ್ನೆ ಕೂತ್ಕೊಳ್ಳಿ” ಎಂದೆ.

ಮೇದಪ್ಪನವರು ಬಂದು ಎಲೆಯ ಮುಂದೆ ಕೂತರು. ಕೊಡಗಿನ ಕಡೆಯವರು, ಎತ್ತರದ ಆಳು, ಬಡಿಸಿದ್ದನ್ನು ಬಿಡದೆ ಉಣ್ಣುವವರು. “ಎಂಥ ಬಾಗಕ್ಕ, ಇವತ್ತು ನಿಮ್ಮ ಸರದಿಯಾ? ಮೀನಿನ ತುಂಡು ನೋಡಿದ್ರೇ ಗೊತ್ತಾಗ್ತದೆ” ಎಂದು ನಕ್ಕರು. ನಾನು ಬಡಿಸುತ್ತಲೇ ಹೋದೆ. ಮಕ್ಕಳು ಹಾಡಿದರು, ಆಡು ನುಗ್ಗಿದವು. ಎರಡು ಗಂಟೆಗೆ ಅವರು ಕೈ ತೊಳೆದು ಗಡಿಯಾರ ನೋಡಿ ಎದ್ದರು. “ಸಾಕು ಬಾಗಕ್ಕ. ಸಂಜೆ ಆಚೆ ಮೋಡ ಕಟ್ತದೆ. ಐತಪ್ಪನವರನ್ನ ಹತ್ತಿಸಿ, ಆ ಕಾಗದ ಮರೀಬೇಡಿ, ಅದಿಲ್ದೆ ಆಸ್ಪತ್ರೆಯವರು ಒಳಗೇ ಬಿಡೋದಿಲ್ಲ.”

ಎರಡು ಗಂಟೆಯ ನೆರಳು ಎಂದರೆ ಎಷ್ಟು? ನಾನು ಹೊರಗೆ ಹೋಗಿ ನೋಡಿದೆ. ವಿಮಾನದ ಹೊಟ್ಟೆಯ ಕೆಳಗೆ ಒಂದು ಚಾಪೆಯಷ್ಟು. ಒಳಗೆ ಬಂದೆ. ಕಾಗದ ಒಲೆಯ ಮೇಲಿನ ಗೂಡಿನಲ್ಲಿತ್ತು. ತೆಗೆದು ಅಕ್ಕಿಯ ಡಬ್ಬಿಯೊಳಗೆ, ಕುಚ್ಚಲಕ್ಕಿಯ ಅಡಿಗೆ ತುರುಕಿ ಮುಚ್ಚಳ ಹಾಕಿದೆ. ಆಮೇಲೆ ಹೊರಗೆ ಬಂದು ಕಾಗದ ಕಾಣುತ್ತಿಲ್ಲ ಎಂದು ಬೊಬ್ಬೆ ಹಾಕಿದೆ. ಮೂರೂವರೆಗೆ ಸಿಕ್ಕಿತು ಅನ್ನುವುದು, ನಾಲ್ಕರೊಳಗೆ ವಿಮಾನ ಏಳುವುದು. ನಾನು ಅಂದುಕೊಂಡದ್ದು ಇಷ್ಟೇ.

ಇಡೀ ಊರು ಹುಡುಕಿತು. ಇದು ತಡೆ ಎಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಗಂಡನ ಕಣ್ಣಿನ ಕಾಗದವನ್ನು ಯಾರೂ ತಡೆಗೆ ಬಳಸುವುದಿಲ್ಲ. ಮೂರೂವರೆಗೆ ನಾನು ಅಡುಗೆಕೋಣೆಗೆ ಬಂದಾಗ ಅಕ್ಕಿಯ ಡಬ್ಬಿಯ ಮೇಲೆ ದಂಡಿನ ಹವಾಲ್ದಾರ ಕೂತಿದ್ದ. ದಪ್ಪ ಮನುಷ್ಯ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಡಾಕ್ಟರು ಹೇಳಿದ್ದನ್ನು ಕೇಳಿ ಬೇರೆ ಕಾಗದ ಬರೆಯುತ್ತಿದ್ದ. ಅವನ ಬರವಣಿಗೆ ನಿಧಾನ. ಒಂದು ಅಕ್ಷರ ಬರೆದು ಒಮ್ಮೆ ಬೆವರು ಒರೆಸುತ್ತಿದ್ದ. ನಾನು ಅವನಿಗೆ ಬೆಲ್ಲದ ನೀರು ಕೊಟ್ಟೆ. ಹೊರಗೆ ಯಾರೋ ಕರೆಯುತ್ತಾರೆ ಎಂದೆ. ಅವನು ಏಳಲಿಲ್ಲ. ಸ್ವಲ್ಪ ಏಳಿ, ಕಾಗದ ಅದರೊಳಗಿದೆ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರು ಒಂದು ವಾರ ನಗುತ್ತಿತ್ತು, ಇನ್ನೊಂದು ವಾರ ಬೈಯುತ್ತಿತ್ತು. ಹೇಳಲೆಂದೇ ಬಾಯಿ ತೆರೆದೆ. ಕಿಟಕಿಯಿಂದ ನೋಡಿದೆ, ಮೋನಪ್ಪಣ್ಣ ಗಾಳಿಚೀಲ ಇಳಿಸುತ್ತಿದ್ದ. ನಾಲ್ಕು ಗಂಟೆ. ಈಗ ಹೇಳಿದರೆ ನೆರಳೂ ಇಲ್ಲ, ಮಾನವೂ ಇಲ್ಲ ಎಂದು ಸುಮ್ಮನಾದೆ.

ನಾಲ್ಕೂವರೆಗೆ ಹವಾಲ್ದಾರ ಮಸಿ ತರಲು ಎದ್ದ. ನಾನು ಕಾಗದ ತೆಗೆದು, ಸೆರಗಿನಲ್ಲಿ ಒರೆಸಿ, ಬಟ್ಟೆಯ ಗಂಟಿನಲ್ಲಿ ಸಿಕ್ಕಿತೆಂದು ಓಡಿಬಂದೆ. ನಾಳೆ ಹೋಗುವ ಎಂದು ಯಾರಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಮೇದಪ್ಪನವರು ಆಕಾಶ ನೋಡಿದರು, ನಮ್ಮವರ ಕಣ್ಣು ನೋಡಿದರು. “ನಾಳೆ ಹೋದ್ರೆ ಡಾಕ್ಟರು ಸಿಗೋದಿಲ್ಲ, ಇನ್ನಾರು ತಿಂಗಳಿಗೆ ಇವರ ಕಣ್ಣೇ ಇರೋದಿಲ್ಲ. ಹೋಗುವ. ಅಷ್ಟು ಕತ್ತಲೆಗೆ ನಾನು ಇಳಿಸ್ತೇನೆ” ಎಂದರು.

ನಮ್ಮವರು ಕಾಗದವನ್ನು ಕೈಗೆ ತೆಗೆದುಕೊಂಡರು. ಕಣ್ಣು ಹೋದವರ ಮೂಗು ಚುರುಕು. ಮುಖದ ಹತ್ತಿರ ಹಿಡಿದು, ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: “ಇದಕ್ಕೆ ಕುಚ್ಚಲಕ್ಕಿ ವಾಸನೆ ಬರ್ತಾ ಉಂಟಲ್ಲಾ ಬಾಗೀ.”

ಅವರು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು. ಕಾಗದವನ್ನು ಅಂಗಿಯ ಜೇಬಿಗೆ ಹಾಕಿ, ಮೇದಪ್ಪನವರ ಹೆಗಲು ಹಿಡಿದು ವಿಮಾನ ಹತ್ತಿದರು. ಆ ವಿಮಾನಕ್ಕೆ ಸಾಮಾನು ಎಸೆಯುವ ಬಾಗಿಲೊಂದಿತ್ತು, ಅದನ್ನು ಮುಚ್ಚುತ್ತಿರಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಚಕ್ರ ನೆಲ ಬಿಟ್ಟಿತು. ಆ ಗಳಿಗೆಯಲ್ಲಿ ಅವರು ಬಾಗಿಲಿನಿಂದ ಕೈ ಹೊರಗೆ ಚಾಚಿದ್ದರು. ನಾನು ಎಲ್ಲಿ ನಿಂತಿದ್ದೇನೆಂದು ಅವರಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಅಂದಾಜಿನಲ್ಲಿ ಬೀಸಿದರು.

ನೆರಳು ಉಳಿಯಿತು. ಊರಿನಲ್ಲಿ ಅಷ್ಟು ಉದ್ದದ ನೆರಳನ್ನು ಯಾರೂ ಕಂಡಿರಲಿಲ್ಲ. ರನ್‌ವೇ ದಾಟಿ, ಎಣ್ಣೆಯ ಪೀಪಾಯಿ ದಾಟಿ, ಬಾವಿಕಟ್ಟೆಯವರೆಗೆ ಹೋಗಿತ್ತು. ಬಾಗಿಲಿದ್ದ ಜಾಗದಲ್ಲಿ ಒಂದು ಕಡೆ ಬೆರಳು ಬಿಡಿಸಿದ ಕೈಯ ನೆರಳು. ಹೆಂಗಸರು ನನ್ನ ಬೆನ್ನು ತಟ್ಟಿ, ನಿನ್ನ ಹಣೆಬರಹ ಚೆನ್ನಾಗಿದೆ ಎಂದರು. ಮೂರನೆಯ ದಿನ ತಂತಿ ಬಂತು. ವಿಮಾನ ಆಚೆ ದಡ ಮುಟ್ಟಿರಲಿಲ್ಲ. ಒಂದು ತಿಂಗಳು ಹುಡುಕಿದರು. ಒಂದು ತಗಡಿನ ಚೂರೂ ಸಿಗಲಿಲ್ಲ.

ಮೂರು ವರ್ಷ ಬಿಟ್ಟು ದಂಡಿನವರು ಗೋಪುರ ಕಳಚಿಕೊಂಡು ಹೋದರು. ಬೇರೆ ವಿಮಾನಗಳ ಕೊನೆಯ ನೆರಳುಗಳಲ್ಲಿ ಜನ ಶಾಲೆ, ಅಂಗಡಿ ಕಟ್ಟಿಕೊಂಡರು. ಹವಳ ಸುಟ್ಟು ಸುಣ್ಣ ಮಾಡಿ ಹಡಗಿಗೆ ತುಂಬುವುದು ಊರಿನ ಕಸುಬಾಯಿತು. ಒಡೆಯುವವರು ಒಡೆಯುತ್ತಲೇ ಇದ್ದರು, ಬಿಸಿಲು ಹೊಡೆಯುತ್ತಲೇ ಇತ್ತು. ನನ್ನ ನೆರಳು ಮಾತ್ರ ಖಾಲಿ ಬಿದ್ದಿತ್ತು. ನಾನೂ ಒಳಗೆ ಹೋಗಲಿಲ್ಲ, ಬೇರೆಯವರನ್ನೂ ಬಿಡಲಿಲ್ಲ. ನಾನು ಕೂತರೆ ಕದ್ದ ಅನ್ನ ಉಂಡ ಹಾಗೆ. ಬೇರೆಯವರಿಗೆ ಕೊಡೋಣ ಎಂದರೆ, ಇಷ್ಟು ಉದ್ದದ ನೆರಳು ಸುಮ್ಮನೆ ಯಾಕೆ ಬಿಟ್ಟುಕೊಡುತ್ತಿ ಎಂದು ಕೇಳುತ್ತಾರೆ. ಕಲ್ಲು ಒಡೆಯುವ ವಾರಿಜ ಒಮ್ಮೆ ಬಂದು, “ಮಧ್ಯಾಹ್ನ ಎರಡು ಗಂಟೆ ಹೊತ್ತು ಕೂತ್ಕೊಳ್ಳುದಾ ಬಾಗಕ್ಕ?” ಎಂದು ಕೇಳಿದ್ದಳು. ಆಗ ಅವಳಿಗೆ ಇಪ್ಪತ್ತು ವರ್ಷ. ಗಂಡನ ನೆನಪಿಗೆ ಇಟ್ಟದ್ದು, ಯಾರೂ ತುಳಿಯಬಾರದು ಎಂದು ಕಳಿಸಿದೆ. ಊರಿನವರು ನನ್ನನ್ನು ದೊಡ್ಡ ಪತಿವ್ರತೆ ಮಾಡಿ ಕೂರಿಸಿದರು.

ನಿರಂಜನಮೂರ್ತಿಗಳು ಗಂಜಿ ಕುಡಿದು ಚೇತರಿಸಿಕೊಂಡ ಮೇಲೆ ದಂಡಿನವರ ಹಳೆಯ ಫೈಲು ಬಿಚ್ಚಿದರು. ಮೋನಪ್ಪಣ್ಣನೂ ಅಲ್ಲಿದ್ದ. ಅವನಿಗೀಗ ಎಂಬತ್ತರ ಹತ್ತಿರ. ವಾರಿಜಳೂ ಇನ್ನಿಬ್ಬರು ಹೆಂಗಸರೂ ನೀರು ಕುಡಿಯಲೆಂದು ಬಂದು ಬಾಗಿಲಲ್ಲಿ ನಿಂತಿದ್ದರು. “ಇದೊಂದು ವಿಷಯ ನಿಮ್ಮನ್ನ ಕೇಳಬೇಕಮ್ಮ” ಎಂದು ಅವರು ಓದಿದರು. ಚಾಲಕ ಮೇದಪ್ಪ ಕ್ಯಾಂಟೀನಿನಲ್ಲಿ ಊಟ, ಹರಟೆಯಲ್ಲಿ ಕಾಲ ಕಳೆದು ಸಕಾಲಕ್ಕೆ ಹೊರಡಲಿಲ್ಲ, ಅವಘಡಕ್ಕೆ ಅವರ ಅಲಕ್ಷ್ಯವೇ ಕಾರಣ ಎಂದು ಬರೆದಿತ್ತು. “ಅವರ ಮಗಳು ಈಗ ಟೀಚರು. ನಮ್ಮಪ್ಪ ಹಾಗಿರಲಿಲ್ಲ, ಅಲ್ಲಿ ಯಾರಾದರೂ ನೋಡಿದವರಿದ್ದರೆ ಒಂದು ಸಲ ಕೇಳಿ ಸರ್ ಅಂತ ಹೇಳಿಕಳಿಸಿದಾರೆ. ನೀವು ನೋಡಿದ್ದೀರಲ್ಲ? ಇದು ನಿಜಾನಾ?”

ಇಷ್ಟು ವರ್ಷ ನನ್ನ ಪಾಪ ಹೋದ ಆ ಇಬ್ಬರ ಮೇಲೆ ಮಾತ್ರ ಬಿದ್ದಿದೆ ಎಂದು ತಿಳಿದಿದ್ದೆ. ಅದು ಕಾಣದ ಊರಿನ ಒಬ್ಬ ಹುಡುಗಿಯ ಮನೆಯವರೆಗೆ ಹೋಗಿ ಕೂತಿದೆ ಎಂದು ಗೊತ್ತಿರಲಿಲ್ಲ.

“ಸುಳ್ಳು. ಅವರು ಎರಡು ಗಂಟೆಗೇ ಎದ್ದಿದ್ರು. ಕಾಗದ ಕಳೆದಿರ್ಲಿಲ್ಲ, ನಾನೇ ಅಕ್ಕಿ ಡಬ್ಬಿಗೆ ಹಾಕಿದ್ದು. ಉದ್ದ ನೆರಳು ಬೇಕಿತ್ತು ನಂಗೆ” ಎಂದೆ.

ಮೋನಪ್ಪಣ್ಣ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

“ನಾಲ್ಕಕ್ಕೆ ನಾನು ಗಾಳಿಚೀಲ ಇಳಿಸಿದ್ದೆ” ಎಂದ.

“ಗೊತ್ತುಂಟು. ಕಿಟಕಿಯಿಂದ ನೋಡಿದ್ದೆ.”

“ಹಾಗಾದ್ರೆ ಆ ನೆರಳು ನಿಂದಲ್ಲ.”

“ಅಲ್ಲ.”

ವಾರಿಜ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಅಳುವೋ ಹವಳದ ಕಣ್ಣೀರೋ ಹೇಳುವ ಹಾಗಿರಲಿಲ್ಲ. “ನಾನು ಕೇಳಿ ಹದಿನೈದು ವರ್ಷ ಆಯ್ತು ಬಾಗಕ್ಕ. ನಿಮ್ಮ ಮುಖ ಈಗ ನಂಗೆ ಅರ್ಧ ಮಾತ್ರ ಕಾಣುದು” ಎಂದಳು. ನಿರಂಜನಮೂರ್ತಿಗಳು ಹಳೆಯ ಸಾಲು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು. ನಾನು ಹೆಬ್ಬೆಟ್ಟು ಒತ್ತಲಿಲ್ಲ, ಪೂರ್ತಿ ಹೆಸರು ಬರೆದು ರುಜು ಹಾಕಿದೆ.

ಮರುದಿನ ಬೆಳಿಗ್ಗೆ ಕಲ್ಲು ಒಡೆಯುವವರೆಲ್ಲ ಸುತ್ತಿಗೆ, ಬುಟ್ಟಿ ತೆಗೆದುಕೊಂಡು ನೆರಳಿನೊಳಗೆ ಬಂದರು. ಮೂವತ್ತೆರಡು ಜನ, ಆದರೂ ಜಾಗ ಉಳಿಯಿತು. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಮೋನಪ್ಪಣ್ಣ ಬಗ್ಗಿ ಬಗ್ಗಿ ಹವಳದ ಚೂರು ಹೆಕ್ಕುತ್ತ, ಆ ಕೈಯ ನೆರಳಿನ ಸುತ್ತ ಒಂದೊಂದಾಗಿ ಇಟ್ಟ. ಸೊಂಟ ಹಿಡಿದುಕೊಂಡು ಎದ್ದು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಇದು ವಿಮಾನದ್ದಲ್ಲ, ಐತಪ್ಪಂದು. ಇದಕ್ಕೆ ಊರಿನ ಲೆಕ್ಕ ಇಲ್ಲ. ಬಾಗಿ, ಇಷ್ಟು ನಿಂದು.”

ವಾರಿಜ ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ತನ್ನ ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು, ಅಷ್ಟೇ.

ಈಗ ಮಧ್ಯಾಹ್ನದ ಅಡುಗೆ ಮುಗಿಸಿ ನಾನು ಅಲ್ಲಿಗೆ ಹೋಗುತ್ತೇನೆ. ಕೈ ಸಣ್ಣದು, ಮೈ ಒಳಗೆ ಹಿಡಿಯುವುದಿಲ್ಲ. ಕಲ್ಲಿನ ಗೆರೆಯ ಹೊರಗೆ ಮೈಚಾಚಿ, ಮುಖವನ್ನು ಮಾತ್ರ ಒಳಗಿಟ್ಟು ಮಲಗುತ್ತೇನೆ. ಕಣ್ಣಿನ ಮೇಲೆ ಸರಿಯಾಗಿ ಅಂಗೈ ಬರುತ್ತದೆ. ಬೆರಳುಗಳ ನಡುವೆ ಬಿಸಿಲು ಇರುತ್ತದೆ, ಅಂಗೈ ಇದ್ದಲ್ಲಿ ತಂಪು. ನಿನ್ನೆ ಹಾಗೆ ಮಲಗಿದ್ದಾಗ ವಾರಿಜ ಪಕ್ಕದವಳಿಗೆ ಮೆಲ್ಲಗೆ ಹೇಳುವುದು ಕೇಳಿಸಿತು: “ಆ ವಿಮಾನ ಇನ್ನು ಬಾರದಿದ್ರೆ ಸಾಕು ದೇವ್ರೇ.” ನನಗೆ ಕೇಳಿಸಿತೆಂದು ಗೊತ್ತಾಗಿ ಸುತ್ತಿಗೆಯ ಸದ್ದು ನಿಂತಿತು.

ನನಗೆ ಸಿಟ್ಟು ಬರಲಿಲ್ಲ. ವಿಮಾನ ಹೊರಟ ಆ ಸಂಜೆ ಹೆಂಗಸರು ಬೆನ್ನು ತಟ್ಟಿ ಹೋದ ಮೇಲೆ ನಾನು ಒಬ್ಬಳೇ ಬಾವಿಕಟ್ಟೆಯವರೆಗೆ ನೆರಳಿನ ಪಕ್ಕದಲ್ಲಿ ನಡೆದು ಹೆಜ್ಜೆ ಎಣಿಸಿದ್ದೆ. ಎಣಿಸಿ ಮುಗಿದಾಗ, ಇವರು ಬೇಕಾದರೆ ಹಡಗಿನಲ್ಲಿ ಬರಲಿ, ಈ ವಿಮಾನ ಮಾತ್ರ ಬೇಗ ಬಾರದಿರಲಿ ದೇವರೇ ಎಂದು ಕೈ ಮುಗಿದಿದ್ದೆ. ಇದೊಂದನ್ನು ನಾನು ನಿರಂಜನಮೂರ್ತಿಗಳಿಗೆ ಹೇಳಲಿಲ್ಲ.